ಸಿಂಹಗಡದಿಂದ ಅನ್ನಪೂರ್ಣಕ್ಕೆ: ಪುಣೆ, ಮುಂಬೈ ಕನ್ನಡಿಗರಿಗೆ ನೇಪಾಳ ಸಾಹಸ ಪ್ರವಾಸದ ಸಮಗ್ರ ಮಾರ್ಗದರ್ಶಿ

ಪುಣೆ, ಮುಂಬೈಯಲ್ಲಿ ನೆಲೆಸಿರುವ ನಮ್ಮವರಲ್ಲಿ ಭಾನುವಾರ ಬಂದರೆ ಬೆಟ್ಟ ಹತ್ತುವವರು ಬಹಳ ಜನ. ಬೆಳಗಾವಿಯಿಂದ ಬಂದಿರಲಿ, ಉಡುಪಿಯಿಂದ ಬಂದಿರಲಿ, ಒಂದೆರಡು ವರ್ಷ ಇಲ್ಲಿದ್ದರೆ ಸಿಂಹಗಡ, ರಾಜಗಡ, ಲೋಹಗಡ ಎಲ್ಲಾ ಕಾಲಿಗೆ ಅಭ್ಯಾಸವಾಗುತ್ತವೆ. ಆಮೇಲೆ ಹುಟ್ಟುವ ಆಸೆ ಹಿಮಾಲಯದ್ದು. ಮೊದಲ ಸಲಕ್ಕೆ ನಾನು ನೇಪಾಳವನ್ನೇ ಹೇಳುತ್ತೇನೆ. ವೀಸಾ ಬೇಡ, ಹಿಂದಿ ನಡೆಯುತ್ತದೆ, ಊಟ ಹೊಟ್ಟೆಗೆ ಒಗ್ಗುತ್ತದೆ. ಬೆಟ್ಟದ ಮೇಲೂ ಟೆಂಟ್ ಹೊರುವ ಕೆಲಸವಿಲ್ಲ, ದಾರಿಯುದ್ದಕ್ಕೂ ಲಾಡ್ಜ್‌ಗಳಿವೆ. ಒಂದೇ ಪ್ರವಾಸದಲ್ಲಿ ಟ್ರೆಕ್ಕಿಂಗ್, ರಾಫ್ಟಿಂಗ್, ಪ್ಯಾರಾಗ್ಲೈಡಿಂಗ್ ಮೂರನ್ನೂ ಮುಗಿಸಬಹುದು.

ಆದರೆ ಒಂದು ಮಾತನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಸಹ್ಯಾದ್ರಿ ಕಾಲನ್ನು ಗಟ್ಟಿ ಮಾಡುತ್ತದೆ, ಎತ್ತರಕ್ಕೆ ಒಗ್ಗಿಸುವುದಿಲ್ಲ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ 1646 ಮೀಟರ್. ಎತ್ತರದ ಕಾಯಿಲೆ ಶುರುವಾಗುವುದೇ ಸುಮಾರು 2500 ಮೀಟರ್ ದಾಟಿದ ಮೇಲೆ. ಅಂದರೆ ನಮ್ಮ ಬೆಟ್ಟಗಳಲ್ಲಿ ಎಷ್ಟು ವರ್ಷ ಓಡಾಡಿದರೂ ಅದರ ಪರಿಚಯ ಆಗುವುದಿಲ್ಲ. ಕಾಲಲ್ಲಿ ಶಕ್ತಿ ಇರುವವರು ಬೇಗ ಹತ್ತುತ್ತಾರೆ, ಬೇಗ ಹತ್ತಿದವರಿಗೇ ತೊಂದರೆ ಜಾಸ್ತಿ. ಮುಂದೆ ಹೇಳುವ ಎಲ್ಲಾ ಯೋಜನೆಯೂ ಈ ಮಾತಿನ ಮೇಲೆ ನಿಂತಿದೆ.

ಮೊದಲು ದಾರಿ ಆರಿಸಿಕೊಳ್ಳಿ

ಮಕ್ಕಳು, ಐವತ್ತು ದಾಟಿದವರು ಇರುವ ಗುಂಪಾದರೆ ಪೂನ್ ಹಿಲ್ ಸಾಕು. ಎತ್ತರ 3210 ಮೀಟರ್, ಪೋಖರಾದಿಂದ ನಾಲ್ಕೈದು ದಿನದ ದಾರಿ. ಬೆಳಗಿನ ಜಾವ ಘೋರೆಪಾನಿಯಿಂದ ಹತ್ತಿ ನಿಂತರೆ ಧೌಲಾಗಿರಿ ಮತ್ತು ಅನ್ನಪೂರ್ಣ ಎದುರಿಗೇ ಕಾಣುತ್ತವೆ. ಸುಲಭ ಎಂದು ಹೆಸರಿದ್ದರೂ ಉಲ್ಲೇರಿಯ ಕಲ್ಲಿನ ಮೆಟ್ಟಿಲುಗಳು ಸಾವಿರಗಟ್ಟಲೆ ಇವೆ, ಮಂಡಿ ನೋವಿರುವವರು ಇದನ್ನು ತಿಳಿದೇ ಹೊರಡಬೇಕು.

ರಾಜಗಡ, ಹರಿಶ್ಚಂದ್ರಗಡ ಆರಾಮಾಗಿ ಹತ್ತಿ ಇಳಿಯುವವರಿಗೆ ಅನ್ನಪೂರ್ಣ ಬೇಸ್ ಕ್ಯಾಂಪ್ ಸರಿ. 4130 ಮೀಟರ್, ಏಳೆಂಟು ದಿನ. ಎವರೆಸ್ಟ್ ಬೇಸ್ ಕ್ಯಾಂಪ್ 5364 ಮೀಟರ್. ಅದಕ್ಕೆ ಬೆಟ್ಟದ ಮೇಲೇ 12ರಿಂದ 14 ದಿನ ಬೇಕು. ಆ ದಾರಿ ಶುರುವಾಗುವ ಲುಕ್ಲಾ ಊರಿನ ವಿಮಾನ ಹವಾಮಾನದ ಕೈಯಲ್ಲಿರುವುದರಿಂದ ಇನ್ನೂ ಎರಡು ಮೂರು ದಿನ ಬಿಡುವು ಇಟ್ಟುಕೊಳ್ಳಬೇಕು. ಆಫೀಸಿನಲ್ಲಿ ಹತ್ತು ದಿನದ ರಜೆ ಸಿಕ್ಕಿತು ಅಂತ ಎವರೆಸ್ಟ್ ದಾರಿಯನ್ನು ಕುಗ್ಗಿಸಬೇಡಿ. ಹತ್ತೇ ದಿನವಿದ್ದರೆ ಪೂನ್ ಹಿಲ್‌ಗೆ ಹೋಗಿ, ಸಂತೋಷವಾಗಿ ಬನ್ನಿ.

ಈ ಮಾರ್ಗದರ್ಶಿಯಲ್ಲಿ ನಾನು ಅನ್ನಪೂರ್ಣ ಬೇಸ್ ಕ್ಯಾಂಪನ್ನೇ ಇಟ್ಟುಕೊಂಡು ಹೇಳುತ್ತೇನೆ.

ಯಾವಾಗ ಹೋಗಬೇಕು

ಅಕ್ಟೋಬರ್, ನವೆಂಬರ್ ಮತ್ತು ಮಾರ್ಚ್, ಏಪ್ರಿಲ್. ಮಳೆ ತೊಳೆದುಹೋದ ಮೇಲೆ ಆಕಾಶ ತಿಳಿಯಾಗಿರುವುದು ಅಕ್ಟೋಬರ್‌ನಲ್ಲಿ. ಗುರಾಂಸ್ (ರೋಡೋಡೆಂಡ್ರಾನ್) ಹೂವು ಕಾಡನ್ನೆಲ್ಲಾ ಕೆಂಪು ಮಾಡುವುದು ಮಾರ್ಚ್, ಏಪ್ರಿಲ್‌ನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಇಂಬಳ, ರಸ್ತೆ ಕುಸಿತ.

ಅಕ್ಟೋಬರ್ ಅಂದರೆ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ. 2014ರ ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯ ಹುದ್‌ಹುದ್ ಚಂಡಮಾರುತದ ಉಳಿಕೆ ಮೋಡ ನೇಪಾಳದವರೆಗೆ ಬಂತು. ಥೋರೋಂಗ್ ಲಾ ಕಣಿವೆದಾರಿಯ ಸುತ್ತಮುತ್ತ ಭಾರಿ ಹಿಮ ಸುರಿಯಿತು, 40ಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಹೊರಡುವ ವಾರ ಕಠ್ಮಂಡುವಿನ ಹವಾಮಾನ ನೋಡಿದರೆ ಸಾಲದು. ಆಂಧ್ರ, ಒಡಿಶಾ ಕರಾವಳಿಯ ಕಡೆ ಚಂಡಮಾರುತ ಎದ್ದಿದೆಯಾ ಅಂತಲೂ ನೋಡಿ. ಎದ್ದಿದ್ದರೆ ಕೆಳಗಿನ ಹಳ್ಳಿಯಲ್ಲೇ ಎರಡು ದಿನ ಕೂತಿರಿ.

ತಾಲೀಮು ಇಲ್ಲೇ

ಅಕ್ಟೋಬರ್‌ಗೆ ಹೊರಡುವವರು ಜುಲೈನಲ್ಲಿ ಶುರು ಮಾಡಬೇಕು. ಪುಣೆಯವರಿಗೆ ಸಿಂಹಗಡಕ್ಕಿಂತ ಒಳ್ಳೆಯ ಜಾಗವಿಲ್ಲ. ಸ್ವಾರಗೇಟ್‌ನಿಂದ ಬಸ್ ಹಿಡಿದು ಬೆಟ್ಟದ ಬುಡದಲ್ಲಿ ಇಳಿದು, ಆತಕರವಾಡಿ ದಾರಿಯಲ್ಲಿ ಹತ್ತಿದರೆ ಸುಮಾರು 600 ಮೀಟರ್ ಏರು ಸಿಗುತ್ತದೆ. ಅನ್ನಪೂರ್ಣ ದಾರಿಯಲ್ಲಿ ಒಂದು ದಿನಕ್ಕೆ ಹತ್ತುವುದೂ ಹೆಚ್ಚುಕಡಿಮೆ ಇಷ್ಟೇ. ಮೊದಲ ತಿಂಗಳು ಬರಿಗೈಯಲ್ಲಿ ಹತ್ತಿ. ಎರಡನೇ ತಿಂಗಳು ಚೀಲದಲ್ಲಿ ಐದಾರು ಕಿಲೋ ಹಾಕಿಕೊಳ್ಳಿ, ನೀರಿನ ಬಾಟಲಿಗಳೇ ಸಾಕು. ಮೂರನೇ ತಿಂಗಳು ಶನಿವಾರ, ಭಾನುವಾರ ಎರಡೂ ದಿನ ಹತ್ತಿ. ಸುಸ್ತಾದ ಕಾಲಿನಲ್ಲಿ ಮರುದಿನವೂ ನಡೆಯುವುದೇ ಅಲ್ಲಿನ ನಿಜವಾದ ಕೆಲಸ.

ಮುಂಬೈಯವರಿಗೆ ಲೋಕಲ್ ರೈಲಿದೆ. ನೇರಳ್‌ನಲ್ಲಿ ಇಳಿದು ಮಾಥೇರಾನ್ ನಡೆದೇ ಹತ್ತಬಹುದು. ಕಸಾರಾದಲ್ಲಿ ಇಳಿದು ಬಾರಿ ಊರಿಗೆ ಹೋದರೆ ಕಳಸೂಬಾಯಿ. ವಾರದ ಮಧ್ಯೆ ಬಿಲ್ಡಿಂಗ್ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವಾಗ ಲಿಫ್ಟ್ ಹಿಡಿಯುವ ಅಭ್ಯಾಸ ಬಿಡಿ. ಅನ್ನಪೂರ್ಣ ದಾರಿಯ ಛೋಮ್ರೋಂಗ್ ಹಳ್ಳಿಯ ಮೆಟ್ಟಿಲು ಇಳಿಯುವಾಗ ಕೈಕೊಡುವುದು ದಮ್ಮಲ್ಲ, ಮಂಡಿ.

ರಾಫ್ಟಿಂಗ್ ಎಂದೂ ಮಾಡದವರು ಕೋಲಾಡ್‌ನ ಕುಂಡಲಿಕಾ ನದಿಯಲ್ಲಿ ಒಂದು ಸಲ ದೋಣಿ ಹತ್ತಿ ಬನ್ನಿ. ಭೀರಾ ವಿದ್ಯುತ್ ಕೇಂದ್ರದಿಂದ ಬೆಳಿಗ್ಗೆ ಬಿಡುವ ನೀರಿನಲ್ಲಿ ಅಲ್ಲಿ ರಾಫ್ಟಿಂಗ್ ನಡೆಯುತ್ತದೆ. ಗೋವಾದಲ್ಲಿರುವವರಿಗೆ ಮಳೆಗಾಲದಲ್ಲಿ ವಾಳಪೈ ಕಡೆ ನಮ್ಮ ಮಹದಾಯಿಯೇ ಇದೆ. ಹುಟ್ಟು ಹಿಡಿಯುವುದು, ಗೈಡ್ ಕೂಗಿದ ತಕ್ಷಣ ಒಟ್ಟಿಗೆ ಎಳೆಯುವುದು, ನೀರಿಗೆ ಬಿದ್ದರೆ ಹೆದರದಿರುವುದು ಇಲ್ಲೇ ಕೈಗೆ ಬಂದರೆ ಹಿಮಾಲಯದ ತಣ್ಣೀರಿನಲ್ಲಿ ಗಾಬರಿ ಕಡಿಮೆ.

ಕಾಗದಪತ್ರ, ಪರ್ಮಿಟ್, ವಿಮೆ

ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಕಾರ್ಡ್, ಎರಡರಲ್ಲಿ ಒಂದು ಬೇಕೇ ಬೇಕು. ವಿಮಾನದಲ್ಲಿ ಹೋಗುವವರಿಗೆ ಆಧಾರ್ ನಡೆಯುವುದಿಲ್ಲ. 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ ಬೇರೆ ಗುರುತಿನ ಚೀಟಿಗಳಿಗೂ ಅವಕಾಶವಿದೆ. ನಮ್ಮಲ್ಲಿ ಬಹಳ ಜನರ ವೋಟರ್ ಕಾರ್ಡ್ ಊರಿನ ಮನೆಯ ಕಪಾಟಿನಲ್ಲೇ ಇರುತ್ತದೆ. ಗಣೇಶ ಹಬ್ಬಕ್ಕೆ ಊರಿಗೆ ಹೋದಾಗಲೇ ತಂದಿಟ್ಟುಕೊಳ್ಳಿ. ಕರ್ನಾಟಕದ ವಿಳಾಸ ಇದ್ದರೂ ಏನೂ ತೊಂದರೆಯಿಲ್ಲ.

ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್‌ಗೆ ಸಾರ್ಕ್ ದೇಶದವರಾದ ನಮಗೆ 1000 ನೇಪಾಳಿ ರೂಪಾಯಿ, ಬೇರೆ ವಿದೇಶಿಯರಿಗೆ 3000. ಬುಕ್ಕಿಂಗ್ ಮಾಡುವವರು ವಿದೇಶಿಯರ ದರ ಹಾಕಿದ್ದಾರಾ ಅಂತ ಬಿಲ್ ನೋಡಿ. 2023ರ ಏಪ್ರಿಲ್‌ನಿಂದ ವಿದೇಶಿ ಟ್ರೆಕ್ಕರ್‌ಗಳು ನೋಂದಾಯಿತ ಗೈಡ್ ಜೊತೆಗೇ ಹೋಗಬೇಕು ಎಂಬ ನಿಯಮವಿದೆ. ನಿಯಮ ಇರಲಿ ಬಿಡಲಿ, ಮೊದಲ ಸಲ ಹೋಗುವವರಿಗೆ ಗೈಡ್ ಬೇಕು ಅನ್ನುವುದೇ ನನ್ನ ಅಭಿಪ್ರಾಯ. ಸೀಸನ್‌ನಲ್ಲಿ ಲಾಡ್ಜ್‌ನಲ್ಲಿ ಜಾಗ ಹಿಡಿಯುವವರು ಅವರು. ನಿಮ್ಮ ಮುಖ ನೋಡಿ ಇವತ್ತು ಇಲ್ಲೇ ಸಾಕು ಎನ್ನುವವರೂ ಅವರೇ. ಪೋರ್ಟರ್ ಬೇಕಾದರೆ ಇಬ್ಬರಿಗೆ ಒಬ್ಬರಂತೆ ಇಟ್ಟುಕೊಳ್ಳಿ, ಹೊರೆ 20 ಕಿಲೋ ದಾಟದಿರಲಿ. ಅವರಿಗೆ ವಿಮೆ ಇದೆಯಾ, ಬೆಚ್ಚನೆಯ ಜಾಕೆಟ್, ಒಳ್ಳೆಯ ಬೂಟು ಇದೆಯಾ ಅಂತ ಹೊರಡುವ ಮುಂಚೆ ಕೇಳಿ. ನಮ್ಮ ಸಾಮಾನು ಹೊರುವವರು ಚಪ್ಪಲಿಯಲ್ಲಿ ಹಿಮ ತುಳಿಯಬಾರದು.

ವಿಮೆ ಕೊಳ್ಳುವಾಗ ಎರಡು ಸಾಲು ಹುಡುಕಿ ಓದಿ: ಎಷ್ಟು ಮೀಟರ್‌ವರೆಗಿನ ಟ್ರೆಕ್ಕಿಂಗ್‌ಗೆ ಅನ್ವಯಿಸುತ್ತದೆ, ಹೆಲಿಕಾಪ್ಟರ್ ಖರ್ಚು ಕೊಡುತ್ತದಾ. ಸಾಮಾನ್ಯ ಪ್ರವಾಸ ಪಾಲಿಸಿಗಳಲ್ಲಿ ಹಲವಕ್ಕೆ ಎತ್ತರದ ಮಿತಿ ಇರುತ್ತದೆ. ಹೆಲಿಕಾಪ್ಟರ್ ಹೆಸರಿನಲ್ಲಿ ಮೋಸವೂ ಆಗಿದೆ. ಸಣ್ಣ ತಲೆನೋವಿಗೂ ಟ್ರೆಕ್ಕರ್‌ಗಳನ್ನು ಹೆದರಿಸಿ ಹೆಲಿಕಾಪ್ಟರ್ ಹತ್ತಿಸಿ ವಿಮೆ ಹಣ ಹೊಡೆಯುತ್ತಿದ್ದ ಜಾಲದ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ನಡೆಸಿತು. ವಿಮೆ ಕಂಪನಿಯ ಸಹಾಯವಾಣಿ ನಂಬರ್ ಫೋನ್‌ನಲ್ಲೂ ಇರಲಿ, ಕಾಗದದಲ್ಲೂ ಇರಲಿ.

ಹಣದ ಲೆಕ್ಕ ಸುಲಭ: ನಮ್ಮ 100 ರೂಪಾಯಿಗೆ ಅಲ್ಲಿನ 160. ನಮ್ಮ ನೂರರ ನೋಟು ಎಲ್ಲಾ ಕಡೆ ನಡೆಯುತ್ತದೆ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ವಿಚಾರಿಸಿ. ಪೋಖರಾ, ಕಠ್ಮಂಡುವಿನ ಹಲವು ಅಂಗಡಿಗಳಲ್ಲಿ ಯುಪಿಐ ಸ್ಕ್ಯಾನ್ ಆಗುತ್ತದೆ. ಬೆಟ್ಟ ಹತ್ತಿದ ಮೇಲೆ ನಗದು ಮಾತ್ರ ನಂಬಿ.

ಹೋಗುವ ದಾರಿ

ಮುಂಬೈಯಿಂದ ಕಠ್ಮಂಡುವಿಗೆ ವಿಮಾನ, ಅಲ್ಲಿಂದ ಪೋಖರಾಕ್ಕೆ ಬಸ್ಸು ಅಥವಾ ಸಣ್ಣ ವಿಮಾನ. ಖರ್ಚು ಕಡಿಮೆ ಇರಲಿ ಅನ್ನುವವರಿಗೆ ಪುಣೆಯಿಂದಲೂ ಮುಂಬೈಯ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದಲೂ ಗೋರಖಪುರಕ್ಕೆ ರೈಲುಗಳಿವೆ. ಗೋರಖಪುರದಿಂದ ಸೋನೌಲಿ ಗಡಿ ಸುಮಾರು 100 ಕಿಲೋಮೀಟರ್. ಗಡಿಯನ್ನು ನಡೆದೇ ದಾಟಿ ಭೈರಹವಾದಿಂದ ಪೋಖರಾ ಬಸ್ಸು ಹಿಡಿಯಬೇಕು, ಇಡೀ ದಿನದ ಪ್ರಯಾಣ. ರೈಲಿನಲ್ಲಿ ಹೋದರೆ ಒಟ್ಟು ಎರಡು ವಾರಕ್ಕಿಂತ ಕಡಿಮೆ ರಜೆ ಸಾಲುವುದಿಲ್ಲ.

ಚೀಲದಲ್ಲಿ ಏನಿರಬೇಕು

ಸ್ಲೀಪಿಂಗ್ ಬ್ಯಾಗ್, ಪುಕ್ಕದ ಜಾಕೆಟ್, ಊರುಗೋಲು ಇದೆಲ್ಲಾ ಪೋಖರಾದ ಲೇಕ್‌ಸೈಡ್‌ನಲ್ಲಿ ಬಾಡಿಗೆಗೆ ಸಿಗುತ್ತದೆ. ಸುಮ್ನೆ ಇಲ್ಲಿ ದುಡ್ಡು ಸುರಿಯಬೇಡಿ. ಆದರೆ ಬೂಟು ಮಾತ್ರ ನಿಮ್ಮದೇ ಇರಬೇಕು, ಮೂರು ತಿಂಗಳು ಸಿಂಹಗಡದಲ್ಲಿ ತುಳಿದು ಹದವಾಗಿರಬೇಕು. ಬೆರಳ ಮುಂದೆ ಸ್ವಲ್ಪ ಜಾಗ ಇರುವ ಅಳತೆ ತಗೊಳ್ಳಿ. ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ.

ಹತ್ತಿಯ ಬನಿಯನ್ ಬೆವರಿದರೆ ಒಣಗುವುದಿಲ್ಲ, ನಿಂತ ಕೂಡಲೇ ಚಳಿ ಹಿಡಿಯುತ್ತದೆ. ಬೇಗ ಒಣಗುವ ಎರಡು ಅಂಗಿ, ಒಂದು ಫ್ಲೀಸ್, ಒಂದು ಮಳೆ ಜಾಕೆಟ್, ಟೋಪಿ, ಕೈಗವಸು, ತಂಪು ಕನ್ನಡಕ, ಹೆಡ್‌ಟಾರ್ಚ್. ನೀರು ಶುದ್ಧ ಮಾಡುವ ಮಾತ್ರೆ ಇದ್ದರೆ ಪ್ಲಾಸ್ಟಿಕ್ ಬಾಟಲಿ ಕೊಳ್ಳುವ ಅಗತ್ಯವೇ ಇಲ್ಲ.

ತಿನ್ನುವುದಕ್ಕೆ ಲೋಣಾವಳಾದ ಚಿಕ್ಕಿ, ಖರ್ಜೂರ, ಜೊತೆಗೆ ಮನೆಯ ಶೇಂಗಾ ಚಟ್ನಿ ಪುಡಿ. ಉತ್ತರ ಕರ್ನಾಟಕದವರು ಕಡಕ್ ರೊಟ್ಟಿ ಒಂದು ಡಬ್ಬಿಯಲ್ಲಿ ತರುತ್ತಾರೆ. ಹಗುರ, ಕೆಡುವುದಿಲ್ಲ. ಎತ್ತರದಲ್ಲಿ ಬಾಯಿ ರುಚಿ ಹೋದಾಗ ಆ ಚಟ್ನಿ ಪುಡಿಯಿಂದಲೇ ಊಟ ಒಳಗೆ ಇಳಿಯುತ್ತದೆ.

ಬೆಟ್ಟದ ಮೇಲೆ: ದಿನದ ಲೆಕ್ಕ, ಎತ್ತರದ ಲೆಕ್ಕ

4130 ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮುಂಬೈಯಲ್ಲಿ ಸಿಗುವುದರ ಸುಮಾರು 60 ಶೇಕಡಾ ಮಾತ್ರ. ದೇಹ ಇದಕ್ಕೆ ಒಗ್ಗುತ್ತದೆ, ಆದರೆ ಸಮಯ ಕೊಡಬೇಕು. ವೈದ್ಯರು ಹೇಳುವ ಲೆಕ್ಕ ಹೀಗಿದೆ: 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ಹಗಲು ಎಷ್ಟು ಎತ್ತರ ಹೋಗಿ ಬಂದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ.

ಈಗ ದಾರಿ ನೋಡಿ. ಮೊದಲ ದಿನ ಪೋಖರಾದಿಂದ ಜೀಪಿನಲ್ಲಿ ಹೋಗಿ, ಝಿನು ಹತ್ತಿರದ ಉದ್ದನೆಯ ತೂಗುಸೇತುವೆ ದಾಟಿ ಛೋಮ್ರೋಂಗ್ (2170). ಎರಡನೇ ದಿನ ಸಿನುವಾ, ಬ್ಯಾಂಬೂ ದಾಟಿ ದೋಭಾನ್ (2600). ಮೂರನೇ ದಿನ ದೇವುರಾಲಿ (3230). ಬಹಳಷ್ಟು ಪ್ಯಾಕೇಜ್‌ಗಳು ನಾಲ್ಕನೇ ದಿನ ದೇವುರಾಲಿಯಿಂದ ನೇರ ಬೇಸ್ ಕ್ಯಾಂಪಿಗೆ ಹತ್ತಿಸಿ ಅಲ್ಲೇ ಮಲಗಿಸುತ್ತವೆ. ಅದು ಒಂದೇ ದಿನದಲ್ಲಿ 900 ಮೀಟರ್. ಇದಕ್ಕೆ ಒಪ್ಪಬೇಡಿ. ನಾಲ್ಕನೇ ದಿನ ಮಾಛಾಪುಚ್ಛ್ರೆ ಬೇಸ್ ಕ್ಯಾಂಪಿನಲ್ಲಿ (3700) ನಿಲ್ಲಿ. ಮಧ್ಯಾಹ್ನವೇ ಮುಟ್ಟುತ್ತೀರಿ, ಸುತ್ತ ಅಡ್ಡಾಡಿ, ನೀರು ಕುಡಿಯಿರಿ. ಐದನೇ ದಿನ ಬೆಳಗಿನ ಜಾವ ಎದ್ದು ಟಾರ್ಚ್ ಹಾಕಿ ನಡೆದರೆ ಸುಮಾರು ಎರಡು ಗಂಟೆಯಲ್ಲಿ ಅನ್ನಪೂರ್ಣ ಬೇಸ್ ಕ್ಯಾಂಪ್. ತಲೆ ಹಗುರವಾಗಿದ್ದರೆ ಅಲ್ಲೇ ಒಂದು ರಾತ್ರಿ ಮಲಗಬಹುದು, ಸ್ವಲ್ಪ ಅನುಮಾನವಿದ್ದರೂ ಅದೇ ದಿನ ಇಳಿಯಿರಿ. ಇಳಿಯುವುದು ಎರಡು ದಿನ, ಕೊನೆಯ ಸಂಜೆ ಝಿನುವಿನ ಬಿಸಿನೀರಿನ ಬುಗ್ಗೆಯಲ್ಲಿ ಕಾಲು ಇಳಿಬಿಟ್ಟು ಕೂರಬಹುದು.

ಅಲ್ಲಿ ನಿಂತಾಗ ಎದುರಿಗಿರುವುದು 8091 ಮೀಟರ್‌ನ ಅನ್ನಪೂರ್ಣ. 1950ರ ಜೂನ್ 3ರಂದು ಫ್ರೆಂಚ್ ಪರ್ವತಾರೋಹಿಗಳಾದ ಎರ್ಜೋಗ್ ಮತ್ತು ಲಾಶೆನಾಲ್ ಹತ್ತಿದ್ದು ಇದನ್ನೇ. ಎಂಟು ಸಾವಿರ ಮೀಟರ್ ದಾಟಿದ ಶಿಖರಗಳಲ್ಲಿ ಮನುಷ್ಯ ತುದಿ ಮುಟ್ಟಿದ ಮೊದಲನೆಯದು ಇದು. ಬೆನ್ನ ಹಿಂದಿನ ಮಾಛಾಪುಚ್ಛ್ರೆಯನ್ನು (6993) ಹತ್ತಲು ಅನುಮತಿಯಿಲ್ಲ, ಅದು ಅಲ್ಲಿನವರಿಗೆ ಪವಿತ್ರ ಶಿಖರ. ಇದೇ ಭಕ್ತಿಯಿಂದ ಛೋಮ್ರೋಂಗ್, ಸಿನುವಾ ದಾಟಿದ ಮೇಲೆ ಮಾಂಸ ಒಯ್ಯುವುದಿಲ್ಲ. ನೀವೂ ಚೀಲದಲ್ಲಿ ಒಯ್ಯಬೇಡಿ.

ತಲೆನೋವು, ವಾಕರಿಕೆ, ಹಸಿವಿಲ್ಲ, ವಿಪರೀತ ಸುಸ್ತು: ಎತ್ತರದಲ್ಲಿ ಇವು ಕಂಡರೆ ಬೇರೆ ಕಾರಣ ಹುಡುಕಬೇಡಿ. ಎತ್ತರದ್ದೇ ಎಂದು ತಿಳಿದು ಅಲ್ಲೇ ನಿಲ್ಲಿ. ವಾಸಿಯಾಗುವವರೆಗೆ ಮೇಲೆ ಹತ್ತಬೇಡಿ, ಜಾಸ್ತಿಯಾದರೆ ಇಳಿಯಿರಿ. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಾತು ತೊದಲಿದರೆ, ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಆಗದಿದ್ದರೆ ಮಿದುಳಿಗೆ ಬಾವು ಬರುತ್ತಿರಬಹುದು. ಇವೆರಡರಲ್ಲಿ ಯಾವುದು ಕಂಡರೂ ರಾತ್ರಿಯಾಗಲಿ ಮಳೆಯಾಗಲಿ ತಕ್ಷಣ ಕೆಳಗೆ ಕರೆದೊಯ್ಯಬೇಕು, ಹೆಲಿಕಾಪ್ಟರ್ ಕರೆಯಬೇಕು. ಅವರನ್ನು ಒಬ್ಬರನ್ನೇ ಕಳಿಸಬಾರದು.

ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಾಜೋಲಮೈಡ್ ಮಾತ್ರೆಯ ಬಗ್ಗೆ ಇಲ್ಲಿರುವಾಗಲೇ ನಿಮ್ಮ ಡಾಕ್ಟರ್ ಜೊತೆ ಮಾತಾಡಿ. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ಹೇಳಬೇಕು. ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವವರಂತೂ ಕೇಳದೆ ಹೊರಡಲೇಬಾರದು. ಮೇಲೆ ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ. ಗುಂಪಿನಲ್ಲಿ ಮೊದಲೇ ಒಂದು ಮಾತಾಗಿರಲಿ: ಯಾರಿಗಾದರೂ ತಲೆನೋವು ಬಂದರೆ ಮುಚ್ಚಿಡಬಾರದು, ಅವರಿಂದ ಟ್ರಿಪ್ ಹಾಳಾಯಿತು ಎಂದು ಯಾರೂ ಅನ್ನಬಾರದು. ನಮ್ಮವರು ಸಂಕೋಚದಿಂದ ನೋವು ನುಂಗುತ್ತಾರೆ, ಅಲ್ವಾ? ಅಲ್ಲಿ ಆ ಸಂಕೋಚವೇ ಜೀವಕ್ಕೆ ಅಪಾಯ.

ಇನ್ನೊಂದು ಎಚ್ಚರ ಹಿಮಕುಸಿತದ್ದು. ಹಿಂಕು ಗುಹೆಯಿಂದ ಮಾಛಾಪುಚ್ಛ್ರೆ ಬೇಸ್ ಕ್ಯಾಂಪಿನವರೆಗಿನ ಕಣಿವೆ ಕಿರಿದು. ಎರಡೂ ಬದಿಯ ಎತ್ತರದಿಂದ ಹಿಮ ಜಾರುತ್ತದೆ. 2020ರ ಜನವರಿಯಲ್ಲಿ ಇಲ್ಲಿ ಟ್ರೆಕ್ಕರ್‌ಗಳು, ಗೈಡ್‌ಗಳು ಪ್ರಾಣ ಕಳೆದುಕೊಂಡರು. ಚಳಿಗಾಲದಲ್ಲಿ, ಮಾರ್ಚ್‌ನಲ್ಲಿ, ಹೊಸ ಹಿಮ ಬಿದ್ದಾಗ ಈ ಭಾಗವನ್ನು ಬಿಸಿಲೇರುವ ಮೊದಲೇ ದಾಟಬೇಕು. ಗೈಡ್ ಇವತ್ತು ಬೇಡ ಎಂದರೆ ಬೇಡ.

ಊಟಕ್ಕೆ ದಾಲ್ ಭಾತ್. ಅನ್ನ, ಬೇಳೆ, ಪಲ್ಯ, ಕೇಳಿದಷ್ಟು ಬಡಿಸುತ್ತಾರೆ. ಉಳಿದುಕೊಂಡ ಲಾಡ್ಜ್‌ನಲ್ಲೇ ಉಣ್ಣುವುದು ಅಲ್ಲಿನ ರೂಢಿ, ಕೋಣೆ ಬಾಡಿಗೆ ಕಡಿಮೆ ಇರುವುದೇ ಅದಕ್ಕೆ. ಚಾರ್ಜಿಂಗ್, ವೈಫೈ, ಬಿಸಿನೀರಿನ ಸ್ನಾನಕ್ಕೆಲ್ಲಾ ಬೇರೆ ದುಡ್ಡು.

ನದಿ

ಟ್ರೆಕ್ ಮೊದಲು, ನದಿ ಮತ್ತು ಆಕಾಶ ಆಮೇಲೆ. ಬೆಟ್ಟದ ಮೇಲೆ ಎರಡು ದಿನ ಜಾಸ್ತಿ ಬೇಕಾದರೆ ರಾಫ್ಟಿಂಗ್ ಬಿಟ್ಟು ಆ ದಿನಗಳನ್ನು ಕೊಡಬಹುದು. ಮೊದಲೇ ರಾಫ್ಟಿಂಗ್‌ನಲ್ಲಿ ಭುಜ ಉಳುಕಿದರೆ ಟ್ರೆಕ್ಕೇ ಹೋಯಿತು.

ತ್ರಿಶೂಲಿ ನದಿ ಕಠ್ಮಂಡು, ಪೋಖರಾ ಹೆದ್ದಾರಿಯ ಪಕ್ಕದಲ್ಲೇ ಹರಿಯುತ್ತದೆ. ಪೋಖರಾದಿಂದ ವಾಪಸ್ ಬರುವಾಗ ದಾರಿಯಲ್ಲೇ ಇಳಿದು ಅರ್ಧ ದಿನ ದೋಣಿ ಹತ್ತಬಹುದು. ನದಿಯ ರಭಸವನ್ನು ಒಂದರಿಂದ ಆರರವರೆಗೆ ದರ್ಜೆ ಹಾಕುತ್ತಾರೆ. ತ್ರಿಶೂಲಿ ಹೆಚ್ಚುಕಡಿಮೆ ಮೂರು, ಹೊಸಬರಿಗೆ ಅದೇ ಸರಿ. ಭೋಟೆ ಕೋಶಿ ನಾಲ್ಕು, ಐದು. ಅನುಭವವಿಲ್ಲದೆ ಅದರ ಗೊಡವೆ ಬೇಡ.

ಹಣ ಕೊಡುವ ಮುಂಚೆ ಕೇಳಿ: ದೋಣಿಯ ಜೊತೆ ರಕ್ಷಣೆಗೆ ಕಯಾಕ್ (ಒಬ್ಬರೇ ನಡೆಸುವ ಸಣ್ಣ ದೋಣಿ) ಬರುತ್ತದಾ? ಬರುವುದಿಲ್ಲ ಎಂದರೆ ಬೇರೆ ಕಡೆ ಹೋಗಿ. ಲೈಫ್ ಜಾಕೆಟ್‌ನ ಭುಜದ ಪಟ್ಟಿ ಹಿಡಿದು ಬೇರೆಯವರಿಂದ ಮೇಲಕ್ಕೆ ಎಳೆಸಿ ನೋಡಿ, ಕಿವಿಯವರೆಗೆ ಬಂದರೆ ಸಡಿಲ. ನೀರಿಗೆ ಬಿದ್ದರೆ ಅಂಗಾತ ಮಲಗಿ, ಪಾದ ಮುಂದೆ, ಹರಿವಿನ ದಿಕ್ಕಿಗೆ ಇರಲಿ. ಹರಿಯುವ ನೀರಿನಲ್ಲಿ ನಿಲ್ಲಲು ಹೋಗಬೇಡಿ, ಕಾಲು ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ನೀರು ನಿಮ್ಮನ್ನು ಒಳಗೆ ಒತ್ತಿಬಿಡುತ್ತದೆ.

ಆಕಾಶ

ಪೋಖರಾದಲ್ಲಿ ಸಾರಂಗಕೋಟ್ ಕಡೆಯ ಬೆಟ್ಟದಿಂದ ಹಾರಿ ಫೇವಾ ಕೆರೆಯ ದಡದಲ್ಲಿ ಇಳಿಯುತ್ತಾರೆ. ನಿಮ್ಮ ಹಿಂದೆ ಪೈಲಟ್ ಇರುತ್ತಾರೆ, ಅರ್ಧ ಗಂಟೆಯ ಹಾರಾಟ. ನೆಲ ಬಿಸಿಯಾಗಿ ಗಾಳಿ ಮೇಲೇಳುವುದು ಬೆಳಿಗ್ಗೆ ಹತ್ತರ ಹೊತ್ತಿಗೆ. ಮೋಡ ಕವಿದರೆ ಹಾರಾಟ ನಿಲ್ಲುತ್ತದೆ, ಆದ್ದರಿಂದ ಪೋಖರಾದಲ್ಲಿ ಎರಡು ದಿನ ಇಟ್ಟುಕೊಳ್ಳಿ. ಹೊಟ್ಟೆ ತುಂಬಾ ತಿಂಡಿ ತಿಂದು ಹೋಗಬೇಡಿ, ಸುತ್ತು ಹೊಡೆಯುವಾಗ ವಾಂತಿ ಬರುತ್ತದೆ. ಹಾರುವಾಗ ಪೈಲಟ್ ಓಡು ಎಂದರೆ ಕಾಲು ನೆಲ ಬಿಟ್ಟ ಮೇಲೂ ಓಡುತ್ತಿರಿ. ಅರ್ಧದಲ್ಲಿ ಕೂತವರಿಂದಲೇ ಎಡವಟ್ಟಾಗುವುದು. ಇಲ್ಲೇ ಕಾಮಶೇತ್‌ನಲ್ಲಿ ಒಂದು ಸಲ ಹಾರಿದವರಿಗೆ ಇದು ಗೊತ್ತಿರುತ್ತದೆ.

ಕಾಲಿಗೆ ಹಗ್ಗ ಕಟ್ಟಿಕೊಂಡು ಎತ್ತರದಿಂದ ಜಿಗಿಯುವ ಬಂಜಿ ಎಲ್ಲರಿಗೂ ಅಲ್ಲ. ಕಾಳಿಗಂಡಕಿಯ ಮೇಲೆ ಕುಶ್ಮಾದಲ್ಲಿರುವುದು 228 ಮೀಟರ್, ಭೋಟೆ ಕೋಶಿಯ ಮೇಲಿನದ್ದು 160 ಮೀಟರ್. ಬಿಪಿ, ಹೃದಯ, ಬೆನ್ನುಮೂಳೆ, ಮೂರ್ಛೆ, ಕಣ್ಣಿನ ಆಪರೇಷನ್ ಇವುಗಳಲ್ಲಿ ಯಾವುದಿದ್ದರೂ ಮತ್ತು ಗರ್ಭಿಣಿಯರಿಗೂ ಬೇಡವೇ ಬೇಡ. ಹಗ್ಗದ ಲೆಕ್ಕವೆಲ್ಲಾ ನಿಮ್ಮ ತೂಕದ ಮೇಲಿದೆ. ಮನೆಯಲ್ಲಿ ನೋಡಿದ ತೂಕ ಬಾಯಲ್ಲಿ ಹೇಳಿ ಮುಗಿಸಬೇಡಿ. ಅಲ್ಲೇ ತಕ್ಕಡಿ ಹತ್ತಿ, ಅವರು ಬರೆದುಕೊಂಡ ಅಂಕಿಯನ್ನು ಓದಿ, ಹಾರುವ ಜಾಗದಲ್ಲಿ ಹಗ್ಗ ಕಟ್ಟುವವರಿಗೆ ಮತ್ತೊಮ್ಮೆ ಜೋರಾಗಿ ಹೇಳಿ.